ಚುಕ್ಕಿ ಒಂಬತ್ತರ ಫೈಲುಗಳು

ದಾಖಲೆಗಳ ಪರಿಶೀಲನೆಗೆ ಬಂದವರು ಹೋದ ಮಾರನೆಯ ದಿನ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಮೇಜಿನ ಮೇಲೆ ಒಂದು ಉದ್ದನೆಯ ಪಟ್ಟಿ ಇಟ್ಟರು. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ಸಂಖ್ಯೆ: ಬಿ 37.9. ಮೊದಲ ಹಾಳೆಯ ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ‘ದೇಹದ ಯಾವ ಭಾಗ?’ ಎಂದು ಬರೆದಿದ್ದರು.

“ಎಲ್ಲ ಗುಂಡ್ಲುಪೇಟೆ ಶಾಖೆದು,” ಅಂದರು ಮುಖ್ಯಸ್ಥರು. “ಯಾರು ಕೋಡ್ ಮಾಡಿದ್ದು ಅಂತ ನಾನು ಕೇಳೋ ಹಂಗೇ ಇಲ್ಲ. ಕಡೇ ಕಾಲಂನಲ್ಲಿ ನಿಮ್ಮ ಇನಿಶಿಯಲ್ ಅದೆ.”

ನನ್ನದೇ ಇತ್ತು. ಸುಳ್ಳು ಹೇಳುವ ಅವಕಾಶವೇ ಇರಲಿಲ್ಲ.

ನಾನು ಚಾಮರಾಜನಗರದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ವಾರಕ್ಕೆ ಎರಡು ದಿನ ಗುಂಡ್ಲುಪೇಟೆಯ ಶಾಖೆಗೂ ಹೋಗುತ್ತೇನೆ. ರೋಗಿ ಡಾಕ್ಟರನ್ನು ಕಂಡು ಮನೆಗೆ ಹೋದ ಮೇಲೆ ಅವರ ಫೈಲು ನಮ್ಮ ಹತ್ತಿರ ಬರುತ್ತದೆ. ಡಾಕ್ಟರು ಬರೆದಿರುವ ರೋಗದ ಹೆಸರನ್ನು ಓದಿ, ಪ್ರಪಂಚದ ಎಲ್ಲ ಕಡೆ ಬಳಸುವ ರೋಗಗಳ ಪುಸ್ತಕದಲ್ಲಿ ಅದಕ್ಕಿರುವ ಸಂಖ್ಯೆಯನ್ನು ಹುಡುಕಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ರೋಗಿಯ ಮುಖವನ್ನು ನಾವು ನೋಡುವುದೇ ಇಲ್ಲ.

ಬಿ 37 ಎಂದರೆ ಕ್ಯಾಂಡಿಡಾ ಎಂಬ ಯೀಸ್ಟಿನಿಂದ ಬರುವ ಸೋಂಕು. ಬನ್ನು ಉಬ್ಬಿಸುವ ಯೀಸ್ಟಿನ ದೂರದ ನೆಂಟ ಇದು. ಆರೋಗ್ಯವಂತರ ಬಾಯಲ್ಲಿ, ಚರ್ಮದ ಮೇಲೆ ಒಂದಿಷ್ಟು ಇದ್ದೇ ಇರುತ್ತದೆ. ಬೆಚ್ಚಗೆ ಒದ್ದೆಯಾದ ಜಾಗ ಸಿಕ್ಕಿದಾಗ, ಇಲ್ಲವೇ ಮೈಯ ಶಕ್ತಿ ಕುಂದಿದಾಗ ಹೆಚ್ಚಿಕೊಂಡು ಕಾಟ ಕೊಡುತ್ತದೆ. ಚುಕ್ಕಿಯಾದ ಮೇಲಿನ ಅಂಕಿ ಅದು ದೇಹದ ಯಾವ ಭಾಗದಲ್ಲಿದೆ ಎಂದು ಹೇಳುತ್ತದೆ. ಸೊನ್ನೆಯೆಂದರೆ ಬಾಯಿ, ಒಂದು ಶ್ವಾಸಕೋಶ, ಎರಡು ಚರ್ಮ ಮತ್ತು ಉಗುರು, ಮೂರು ಹೆಂಗಸರ ಜನನಾಂಗ, ನಾಲ್ಕು ಮೂತ್ರದ ಹಾದಿ ಮತ್ತು ಅದರ ಆಸುಪಾಸು. ಮುಂದೆ ಮೆದುಳಿನ ಪೊರೆ, ಹೃದಯ, ರಕ್ತ ಎಂದು ಭಯಪಡುವಂಥವು ಬರುತ್ತವೆ. ಎಂಟು ಎಂದರೆ ಇತರ ಜಾಗಗಳು. ಒಂಬತ್ತು ಎಂದರೆ ಎಲ್ಲಿ ಎಂದು ಹೇಳಿಲ್ಲ.

ಆ ಒಂಬತ್ತು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಹೊರರೋಗಿಗಳ ಹಾಳೆಯಲ್ಲಿ ಡಾಕ್ಟರು ‘ಫಂಗಲ್’ ಎಂದು ಒಂದು ಮಾತು ಗೀಚಿರುತ್ತಿದ್ದರು. ನಮ್ಮ ಸಾಫ್ಟ್‌ವೇರಿನಲ್ಲಿ ಮೊದಲ ಕೆಲವು ಅಕ್ಷರ ಹೊಡೆದರೆ 37.9 ಮೇಲ್ಗಡೆಯೇ ಬರುತ್ತಿತ್ತು. ಒಂದು ಒತ್ತು, ಮುಂದಿನ ಫೈಲು. ದಿನದ ಲೆಕ್ಕ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

“ಮೂರು ವಾರ ಕೊಡ್ತೀನಿ,” ಅಂದರು ಮುಖ್ಯಸ್ಥರು. “ಒಂದೊಂದೇ ಫೈಲು ತೆಗೆದು ನೋಡಿ. ಊರುವಾರು ಪಟ್ಟಿ ಬೇಕಂತೆ, ಅದನ್ನೂ ಮಾಡಿ. ಬೇರೆ ಕೆಲ್ಸ ನಾನು ನೋಡ್ಕೋತೀನಿ.”

ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರು ಬೈಯಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಗುಂಡ್ಲುಪೇಟೆಯ ದಾಖಲೆ ಕೋಣೆ ಎಕ್ಸ್‌ರೇ ಕೋಣೆಯ ಹಿಂದೆ ಇದೆ. ಕಿಟಕಿ ತೆರೆದರೆ ಊಟಿ ಕಡೆಗೆ ಹೋಗುವ ಬಸ್ಸುಗಳ ಹಾರನ್ ಸದ್ದು ಕೇಳಿಸುತ್ತದೆ. ಅಲ್ಲಿನ ಅಟೆಂಡರ್ ಹಳೆಯ ಆಳು, ನಿವೃತ್ತಿಗೆ ಹತ್ತಿರ ಬಂದವರು. ಕಂಪ್ಯೂಟರು ಹುಡುಕುವಷ್ಟರಲ್ಲಿ ಫೈಲನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾರೆ.

ನನ್ನ ಪಟ್ಟಿ ನೋಡಿ ಅವರು ಕನ್ನಡಕ ಸರಿಮಾಡಿಕೊಂಡರು. “ಇಷ್ಟೂನೂವಾ?”

“ಇಷ್ಟೂ.”

“ಆಯ್ತು ಬುಡಿ. ಒಂದ್ಕಡಿಂದ ತಂದ್ ತಂದ್ ಕೊಡ್ತೀನಿ, ನೀವು ಒಂದ್ಕಡಿಂದ ಬರ್ಕಳಿ. ಮುಗೀದೆ ಎಲ್ಗ್ ಓಯ್ತದ.”

ಕೆಲಸದ ಕ್ರಮ ಹೀಗಿತ್ತು. ಮೊದಲು ಡಾಕ್ಟರ ಹಾಳೆ, ಆಮೇಲೆ ನರ್ಸುಗಳ ಟಿಪ್ಪಣಿ, ಆಮೇಲೆ ಲ್ಯಾಬಿನ ಚೀಟಿ. ರೋಗದ ಮಾತು ಸಿಕ್ಕಿದರೆ ಪುಸ್ತಕದ ಅಕಾರಾದಿಯಲ್ಲಿ ನೋಡಬೇಕು. ಅಲ್ಲಿ ಸಿಕ್ಕ ಸಂಖ್ಯೆಯನ್ನು ನೇರವಾಗಿ ಬರೆಯುವಂತಿಲ್ಲ. ಇನ್ನೊಂದು ಸಂಪುಟದಲ್ಲಿ ಆ ಸಂಖ್ಯೆಯ ಜಾಗಕ್ಕೆ ಹೋಗಿ, ಅದರ ಕೆಳಗೆ ಏನೇನು ಸೇರುತ್ತದೆ, ಏನೇನು ಸೇರುವುದಿಲ್ಲ ಎಂಬ ಸಣ್ಣಕ್ಷರದ ಸಾಲುಗಳನ್ನು ಓದಬೇಕು. ತರಬೇತಿಯಲ್ಲಿ ಇದನ್ನೇ ಬಾಯಿಪಾಠ ಮಾಡಿಸಿದ್ದರು. ನೌಕರಿಗೆ ಸೇರಿದ ಮೇಲೆ ನಾನು ಬಿಟ್ಟದ್ದೂ ಇದನ್ನೇ.

ಮೊದಲ ದಿನ ಕೆಲಸ ಸರಾಗವಾಗಿ ನಡೆಯಿತು. ನನಗೊಂದು ಉಪಾಯವೂ ಹೊಳೆಯಿತು. ಡಾಕ್ಟರು ಜಾಗ ಬರೆಯದಿದ್ದರೇನು, ಔಷಧಿ ಬರೆದಿರುತ್ತಾರಲ್ಲ. ಮುಲಾಮು ಕೊಟ್ಟಿದ್ದರೆ ಚರ್ಮ, ಬಾಯಿಗೆ ಬಿಡುವ ಹನಿ ಕೊಟ್ಟಿದ್ದರೆ ಬಾಯಿ. ಹೀಗೆ ಎರಡು ದಿನದಲ್ಲಿ ಪಟ್ಟಿಯ ಒಂದು ದೊಡ್ಡ ಭಾಗ ಮುಗಿಸಿ, ಹೆಮ್ಮೆಯಿಂದ ಚರ್ಮದ ಡಾಕ್ಟರಿಗೆ ತೋರಿಸಲು ಹೋದೆ. ಅವರು ಮೈಸೂರಿನಿಂದ ವಾರಕ್ಕೆರಡು ಬಾರಿ ಬರುವ ಹೆಂಗಸು. ಕಡಿಮೆ ಮಾತು, ಮಾತಾಡಿದರೆ ನೇರ.

ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. “ಇದು ಚರ್ಮದ ಕ್ಯಾಂಡಿಡಾ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಕೊಟ್ಟಿರೋ ಮುಲಾಮು ನೋಡಿ, ಮೇಡಂ.”

“ಅದೇ ಮುಲಾಮು ನಾನು ಹುಳುಕಡ್ಡಿಗೂ ಕೊಡ್ತೀನಿ. ಔಷಧಿ ನೋಡಿ ರೋಗ ಹೇಳೋ ಹಾಗಿದ್ರೆ ನಾನ್ಯಾಕೆ ಬೇಕು, ಮೆಡಿಕಲ್ ಸ್ಟೋರಿನವರೇ ಸಾಕಲ್ವಾ?”

ಅವರು ಹಾಳೆ ತಿರುವಿ ಇನ್ನೊಂದು ಸಾಲು ತೋರಿಸಿದರು. ಬದನಗುಪ್ಪೆಯ ಕಾರ್ಖಾನೆಯಲ್ಲಿ ದಿನವಿಡೀ ಬೂಟು ಹಾಕಿ ನಿಲ್ಲುವ ಒಬ್ಬ ಕೆಲಸಗಾರನ ಕಾಲ್ಬೆರಳ ಸಂದಿಯ ತೊಂದರೆ ಅದು. “ಈತನನ್ನು ನೋಡಿದ್ದು ನನಗೆ ನೆನಪಿದೆ. ಇದು ಯೀಸ್ಟೇ ಅಲ್ಲ, ಹುಳುಕಡ್ಡಿ ಜಾತಿ. ನೀವು ಜಾಗ ತಪ್ಪು ಹಾಕಿಲ್ಲ, ರೋಗವನ್ನೇ ತಪ್ಪು ಹಾಕಿದ್ದೀರಿ.”

ಪುಸ್ತಕದಲ್ಲಿ ಹುಳುಕಡ್ಡಿಗೆ ಬೇರೆಯದೇ ಮನೆ, ಬಿ 35. ‘ಫಂಗಲ್’ ಎಂದ ಮಾತ್ರಕ್ಕೆ ಯೀಸ್ಟು ಎಂದು ಎಣಿಸಿದ್ದೇ ನನ್ನ ಮೂಲ ತಪ್ಪು. ಎಷ್ಟೋ ಜನರನ್ನು ಅವರದಲ್ಲದ ರೋಗದ ಪಟ್ಟಿಗೆ ಸೇರಿಸಿಬಿಟ್ಟಿದ್ದೆ.

“ಗೊತ್ತಾಗದೇ ಇದ್ದರೆ ಕೇಳಿ,” ಅಂದರು ಡಾಕ್ಟರು. “ಚೀಟಿ ಬರೆದು ಕಳಿಸಿ. ಉತ್ತರ ಬರೆಯೋದು ನಮ್ಮ ಕೆಲಸ. ಆದರೆ ಉತ್ತರ ನೀವೇ ಚೀಟಿಯಲ್ಲಿ ಬರೆದು ನನ್ನ ಸಹಿ ಕೇಳಬೇಡಿ.”

ಎರಡು ದಿನದ ಕೆಲಸವನ್ನು ಅಳಿಸಿ ಮತ್ತೆ ಶುರುಮಾಡಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಹರವೆ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ಪ್ರಯತ್ನಪಟ್ಟೆ, ಸಿಗಲಿಲ್ಲ.

ಅಲ್ಲಿಂದ ಮುಂದೆ ಸಂಶಯ ಬಂದ ಪ್ರತಿ ಫೈಲಿಗೂ ಒಂದು ಚೀಟಿ ಬರೆದೆ. ‘ತಾವು ಇಂಥ ದಿನ ನೋಡಿದ ರೋಗಿಗೆ ಫಂಗಲ್ ಸೋಂಕು ಎಂದು ಬರೆದಿದ್ದೀರಿ. ಯಾವ ಜಾತಿ, ದೇಹದ ಯಾವ ಭಾಗ ಎಂದು ದಯವಿಟ್ಟು ತಿಳಿಸಿ.’ ಕೆಲವು ಚೀಟಿ ಅಂದೇ ಮರಳಿದವು. ಕೆಲವಕ್ಕೆ ಡಾಕ್ಟರ ಕೋಣೆಯ ಹೊರಗೆ ಕಾಯಬೇಕಾಯಿತು. ಒಬ್ಬ ಡ್ಯೂಟಿ ಡಾಕ್ಟರು ಬೇರೆ ಊರಿಗೆ ಹೋಗಿಬಿಟ್ಟಿದ್ದರು, ಅವರ ಚೀಟಿಗಳು ಹಾಗೇ ಉಳಿದವು.

ಎರಡನೆಯ ಎಡವಟ್ಟು ಹಸುಗೂಸುಗಳದು. ನಾಲಿಗೆಯ ಮೇಲೆ ಮೊಸರಿನಂತೆ ಬಿಳಿ ಪದರ ಕಟ್ಟಿದ ಮಕ್ಕಳ ಫೈಲುಗಳು ಒಂದು ಕಟ್ಟು ಇದ್ದವು. ಡಾಕ್ಟರ ಬರಹವೂ ಸ್ಪಷ್ಟವಾಗಿತ್ತು. ಬಾಯಿ ಅಂದರೆ ಸೊನ್ನೆ ಎಂದು ಎಲ್ಲಕ್ಕೂ 37.0 ಹಾಕಿದೆ. ಮರುದಿನ ಬೇರೇನೋ ಹುಡುಕುವಾಗ ಬಿ 37ರ ಕೆಳಗಿನ ಸಣ್ಣಕ್ಷರದ ಸಾಲು ಕಣ್ಣಿಗೆ ಬಿತ್ತು. ಆಗತಾನೆ ಹುಟ್ಟಿದ ಮಕ್ಕಳ ಕ್ಯಾಂಡಿಡಾ ಇಲ್ಲಿ ಸೇರುವುದಿಲ್ಲ, ಅದಕ್ಕೆ ಪಿ 37.5. ಅಂಕಿ ಒಂದೇ, ಅಕ್ಷರ ಬೇರೆ. ಕಟ್ಟು ಬಿಚ್ಚಿ ಪ್ರತಿ ಮಗುವಿನ ಹುಟ್ಟಿದ ದಿನ ನೋಡಿ, ತಿಂಗಳು ತುಂಬದವನ್ನೆಲ್ಲ ಬೇರೆ ಮಾಡಿದೆ.

ಲ್ಯಾಬಿನ ಚೀಟಿಗಳೂ ಹಾಗೇ. ‘ಮೂತ್ರದಲ್ಲಿ ಯೀಸ್ಟ್ ಕಂಡಿದೆ’ ಎಂದು ಲ್ಯಾಬಿನವರು ಬರೆದಿದ್ದರೆ ಹಿಂದೆ ಕಣ್ಣುಮುಚ್ಚಿ ಕೋಡ್ ಮಾಡಿದ್ದೆ. ಈಗ ಕೇಳಿದಾಗ ಡಾಕ್ಟರು, “ಕಂಡಿದ್ದೆಲ್ಲ ಕಾಯಿಲೆ ಅಲ್ಲ, ನಾನು ಕಾಯಿಲೆ ಅಂತ ಬರೆದರೆ ಮಾತ್ರ ಕಾಯಿಲೆ,” ಅಂದರು. ಅವನ್ನೂ ತೆಗೆದೆ.

ಎರಡನೆಯ ವಾರದ ಕೊನೆಗೆ ಕೈ ಪಳಗಿತು. ನಿಜ ಹೇಳಬೇಕೆಂದರೆ ಸಂತೋಷವೇ ಆಗುತ್ತಿತ್ತು. ಒಂದೇ ರೀತಿ ಕಾಣುತ್ತಿದ್ದ ಸಾಲುಗಳು ಒಂದೊಂದಾಗಿ ಬೇರೆಬೇರೆಯಾಗತೊಡಗಿದವು. ಇಲ್ಲೊಬ್ಬರಿಗೆ ಎದೆಯ ಕೆಳಗಿನ ಮಡಿಕೆಯಲ್ಲಿ, ಅಲ್ಲೊಬ್ಬರಿಗೆ ಹಲ್ಲಿನ ಸೆಟ್ಟಿನ ಅಡಿಯಲ್ಲಿ. ಮಧ್ಯಾಹ್ನ ಅಟೆಂಡರ್ ಟೀ ತಂದು ಮೇಜಿನ ಮೂಲೆಯಲ್ಲಿಟ್ಟು, “ಎಷ್ಟಾಯ್ತು?” ಎನ್ನುತ್ತಿದ್ದರು. ನಾನು ಉಳಿದ ಕಟ್ಟಿನ ಎತ್ತರವನ್ನು ಗೇಣಿನಲ್ಲಿ ತೋರಿಸುತ್ತಿದ್ದೆ.

ಆಮೇಲೆ ಊರುವಾರು ಪಟ್ಟಿಗೆ ಕೂತೆ. ಬೇಗೂರು ಕಡೆಯ ಸಾಲುಗಳನ್ನು ಒಟ್ಟಿಗೆ ಬರೆಯುವಾಗ ಮೂರು ಸಾಲು ಒಂದರ ಕೆಳಗೊಂದು ಬಂದವು. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ. ಮಹದೇವಮ್ಮ, ಬಾಯಿಯ ಸೋಂಕು. ಮಾದೇವಮ್ಮ, ಕೈ ಉಗುರಿನ ಸುತ್ತ. ಮಾದೇವಿ, ಜನನಾಂಗ, ಬಿಳಿ ಸೆರಗು ಎಂದು ನರ್ಸು ಕನ್ನಡದಲ್ಲೇ ಬರೆದಿದ್ದರು. ಮೂರಕ್ಕೂ ಬೇರೆಬೇರೆ ಆಸ್ಪತ್ರೆ ನಂಬರು, ವಯಸ್ಸೂ ಎರಡು ಮೂರು ವರ್ಷ ಹೆಚ್ಚುಕಡಿಮೆ. ಆದರೆ ಊರು ಒಂದೇ, ಫೋನ್ ನಂಬರೂ ಒಂದೇ.

ನಮ್ಮ ಕಡೆ ಮಹದೇವಮ್ಮ ಮಾತಿನಲ್ಲಿ ಮಾದೇವಮ್ಮ ಆಗುವುದು ಹೊಸದಲ್ಲ. ವಯಸ್ಸನ್ನು ಅಂದಾಜಿಗೆ ಹೇಳುವುದೂ ಹೊಸದಲ್ಲ. ಕಾರ್ಡು ಮರೆತು ಬಂದರೆ ಕೌಂಟರಿನವರು ಹೊಸ ನಂಬರು ಕೊಟ್ಟುಬಿಡುತ್ತಾರೆ. ಒಬ್ಬಳೇ ಹೆಂಗಸು ಒಂದು ವರ್ಷದೊಳಗೆ ಮೂರು ಸಲ, ಮೂರು ಡಾಕ್ಟರ ಹತ್ತಿರ, ದೇಹದ ಮೂರು ಕಡೆ ಯೀಸ್ಟಿನ ತೊಂದರೆಯಿಂದ ಬಂದಿದ್ದಾಳೆ ಎಂದು ನನಗನ್ನಿಸಿತು. ಹೀಗೆ ಮತ್ತೆ ಮತ್ತೆ ಬಂದರೆ ಮೊದಲು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕೆಂಬುದು ಎರಡು ವಾರದಲ್ಲಿ ಡಾಕ್ಟರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ಮಾತು. ಮೂರೂ ಫೈಲು ತಿರುವಿದೆ. ಎಲ್ಲೂ ರಕ್ತದ ಸಕ್ಕರೆಯ ಪರೀಕ್ಷೆ ಇರಲಿಲ್ಲ. ಒಬ್ಬೊಬ್ಬ ಡಾಕ್ಟರಿಗೂ ಆಕೆ ಹೊಸಬಳು, ಮೊದಲ ಸಲ ಬಂದವಳು.

ನನ್ನ ಪಟ್ಟಿಯಲ್ಲಿ ಮೂರೂ 37.9 ಎಂದಿದ್ದಾಗ ಇದು ಕಂಡಿರಲಿಲ್ಲ.

ಅಟೆಂಡರನ್ನು ಕೇಳಿದೆ. ಅವರು ಮೂರು ಹೆಸರನ್ನೂ ಬಾಯಲ್ಲಿ ಹೇಳಿಕೊಂಡು ನೋಡಿದರು. “ಒಬ್ಳೇ ಕಣವ್ವ ಇದು. ಮಾದೇವಮ್ಮನ ಕರಿಯಾಗ ಮಾದೇವಿ ಅಂತಾರ. ನಮ್ ಅತ್ತಿಗನೂ ಅಂಗೇ ಕರೀತಿದ್ದೊ. ಮೂರ್ನೂ ಸೇರ್ಸಿ ಒಂದ್ ದಾರ ಕಟ್ಬುಡಿ.”

ಪೆನ್ಸಿಲಿನಲ್ಲಿ ಮೂರು ಸಾಲನ್ನೂ ಸೇರಿಸಿ ಒಂದು ಆವರಣ ಹಾಕಿಯೂ ಬಿಟ್ಟೆ. ದಾರ ಕಟ್ಟಲು ಮಾತ್ರ ಕೈ ಹಿಂಜರಿಯಿತು. ಮುಲಾಮು ನೋಡಿ ರೋಗ ಊಹಿಸಿದ್ದ ನಾನು ಈಗ ಫೋನ್ ನಂಬರು ನೋಡಿ ಮನುಷ್ಯರನ್ನು ಊಹಿಸುತ್ತಿದ್ದೇನೆಯೇ ಎಂಬ ಅನುಮಾನ.

ಚಾಮರಾಜನಗರಕ್ಕೆ ಫೋನ್ ಮಾಡಿ ಮುಖ್ಯಸ್ಥರಿಗೆ ಹೇಳಿದೆ.

“ನೋಡಿ, ನಮ್ಮದು ಬರೆದದ್ದಕ್ಕೆ ನಂಬರು ಹಾಕೋ ಕೆಲ್ಸ. ರೋಗಿ ಕರೆಸೋದು, ಟೆಸ್ಟ್ ಮಾಡ್ಸೋದು ನಮ್ಮ ಕೈಲಿಲ್ಲ. ಮೂರೂ ಒಬ್ರೇ ಅಂತ ಸೇರಿಸಿ, ನಾಳೆ ಅಲ್ಲ ಅಂತಾದ್ರೆ? ಒಬ್ಬರ ಕಾಯಿಲೆ ಇನ್ನೊಬ್ಬರ ಫೈಲಲ್ಲಿ ಕೂರ್ತದೆ.”

“ಹಾಗಂತ ಬಿಟ್ಟುಬಿಡೋದಾ ಸರ್?”

“ಬಿಡಿ ಅಂತ ಹೇಳಿಲ್ಲ ನಾನು. ನೀವು ಡಾಕ್ಟರಲ್ಲ ಅಂತ ಹೇಳ್ದೆ.”

ಆ ಮಾತನ್ನು ಹಿಡಿದು ಒಂದು ನಿರ್ಧಾರಕ್ಕೆ ಬಂದೆ. ಫೈಲು ಸೇರಿಸುವುದಿಲ್ಲ, ಪಟ್ಟಿಯನ್ನು ಹೀಗೇ ಮುಗಿಸಿ ಕೈತೊಳೆದುಕೊಳ್ಳುವುದೂ ಇಲ್ಲ. ಮೂರು ಫೈಲಿನ ಜೊತೆ ಚರ್ಮದ ಡಾಕ್ಟರಿಗೆ ಒಂದು ಚೀಟಿ ಬರೆದೆ: ‘ಈ ಮೂವರು ಒಬ್ಬರೇ ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಖಚಿತವಿಲ್ಲ. ಮೂರರಲ್ಲೂ ಸಕ್ಕರೆ ಪರೀಕ್ಷೆ ಇಲ್ಲ. ತಾವು ನೋಡಬೇಕೆಂದು ಕೋರಿಕೆ.’ ಇಷ್ಟು ವರ್ಷದಲ್ಲಿ ‘ನನಗೆ ಖಚಿತವಿಲ್ಲ’ ಎಂದು ಕಚೇರಿಯ ಕಾಗದದಲ್ಲಿ ಬರೆದದ್ದು ಅದೇ ಮೊದಲು.

ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. “ಕರೆಸಿ. ಕಾರ್ಡು ಸರಿಮಾಡಬೇಕು ಅಂತ ಮಾತ್ರ ಹೇಳಿ. ಕಾಯಿಲೆ ವಿಷಯ ಫೋನಲ್ಲಿ ಒಂದಕ್ಷರ ಬೇಡ, ಆ ಫೋನು ಯಾರ ಕೈಲಿರುತ್ತೋ ಗೊತ್ತಿಲ್ಲ.”

ಅವರ ಕೋಣೆಯ ಹೊರಗೆ ನಿಂತೇ ನಂಬರು ಒತ್ತಿದೆ. ಒಬ್ಬ ಗಂಡಸು ಎತ್ತಿದರು. ಹಿಂದುಗಡೆ ಲಾರಿಗಳ ಸದ್ದು.

“ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಅಮ್ಮಾವ್ರ ಕಾರ್ಡು ಸರಿಮಾಡಬೇಕಿತ್ತು, ಒಂದ್ಸಲ ಬರೋಕೆ ಹೇಳ್ತೀರಾ?”

“ಯಾವಮ್ಮ?” ಅಂದರು ಅವರು. “ನಮ್ಮನೇಲಿ ಇಬ್ರವ್ರ. ಮಾದೇವಮ್ಮ ನಮ್ಮೆಂಗ್ಸು. ಮಾದೇವಿ ನಮ್ ತಮ್ಮನ ಎಡ್ತಿ. ಇಬ್ರೂ ಅಲ್ಲೇ ತೋರ್ಸದು.”

ನನ್ನ ಕೈಯಲ್ಲಿ ಮೂರು ಫೈಲುಗಳೂ ಇದ್ದವು. ಮೂರನೆಯದರ ಮೇಲಿನ ಹಾಳೆಯಲ್ಲಿ ನರ್ಸಿನ ದುಂಡಕ್ಷರ ಕಾಣುತ್ತಿತ್ತು. ನಾನು ದಾರ ಕಟ್ಟಿದ್ದರೆ, ಈ ಕರೆಯಲ್ಲಿ ಒಂದು ಮಾತು ಹೆಚ್ಚು ಆಡಿದ್ದರೆ, ತಮ್ಮನ ಹೆಂಡತಿಯ ಗುಟ್ಟು ಭಾವನ ಕಿವಿಗೆ ಬೀಳುತ್ತಿತ್ತು.

“ಇಬ್ಬರ ಕಾರ್ಡೂ ಸರಿಮಾಡಬೇಕು,” ಅಂದೆ. “ಶುಕ್ರವಾರ ಬರಲಿ. ಹಳೇ ಚೀಟಿ ಏನೇನಿದೆಯೋ ಎಲ್ಲ ತರಲಿ.”

“ಆಯ್ತು. ಕಳುಸ್ತೀನಿ.”

ಶುಕ್ರವಾರ ಇಬ್ಬರೂ ಬಂದರು. ಹಿರಿಯಾಕೆ ಐವತ್ತರ ಆಸುಪಾಸಿನವರು, ತೆಳ್ಳಗಿದ್ದರು. ಕಿರಿಯಾಕೆ ಒಂದು ಹೆಜ್ಜೆ ಹಿಂದೆ ನಿಂತಿದ್ದರು. ಹಿರಿಯಾಕೆ ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಚೀಟಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಸುರಿದರು. ಮಹದೇವಮ್ಮನ ಚೀಟಿ, ಮಾದೇವಮ್ಮನ ಚೀಟಿ, ಎರಡೂ ಅವರವೇ. ದಿನಾಂಕಗಳೂ ಫೈಲಿನೊಡನೆ ತಾಳೆಯಾದವು. ಕಿರಿಯಾಕೆಯ ಚೀಟಿ ಅವರ ಪರ್ಸಿನಲ್ಲೇ ಬೇರೆಯಾಗಿತ್ತು. ಅದನ್ನು ಮೇಜಿನ ಮೇಲೆ ಹಾಕದೆ ನನ್ನ ಕೈಗೇ ಕೊಟ್ಟರು.

ಹಿರಿಯಾಕೆಯನ್ನು ಡಾಕ್ಟರ ಕೋಣೆಗೆ ಕರೆದೊಯ್ದು ಎರಡು ಫೈಲುಗಳನ್ನು ಮೇಜಿನ ಮೇಲಿಟ್ಟೆ. ಹೊರಡಲು ತಿರುಗಿದಾಗ ಡಾಕ್ಟರು ಇರಲು ಹೇಳಿದರು.

“ಕೈ ತೋರಿಸಿ ಅಮ್ಮ.”

ಅವರು ಎರಡೂ ಕೈ ಚಾಚಿದರು. ಉಗುರುಗಳ ಬುಡ ಊದಿ ಕೆಂಪಾಗಿತ್ತು, ಎರಡು ಉಗುರು ಕಂದು ಬಣ್ಣಕ್ಕೆ ತಿರುಗಿ ಏರುಪೇರಾಗಿದ್ದವು. ಇಷ್ಟು ವರ್ಷಗಳಿಂದ ‘ಬಿ 37’ ಎಂದು ಬರೆಯುತ್ತಿದ್ದ ನಾನು ಅದನ್ನು ಮನುಷ್ಯರ ಮೈಮೇಲೆ ಹತ್ತಿರದಿಂದ ನೋಡಿದ್ದು ಆವತ್ತೇ.

“ಏನು ಕೆಲಸ ಮಾಡ್ತೀರಿ?”

“ಬೇಗೂರ್ತವು ರೋಡ್ನಲ್ಲಿ ಓಟ್ಲು ಅದಲ್ಲ, ಅಲ್ಲಿ ಪಾತ್ರ ತೊಳೀತೀನಿ ಕಣವ್ವ. ಬೆಳಗ್ಗಿಂದ ಸಂದಗಂಟ ನೀರ್ಲೇ ಕೈಯಿ. ಅದ್ಕೇ ಇಂಗಾಗದ ಅಂದ್ರು ಎಲ್ರೂವ. ಮುಲಾಮ್ ಅಚ್ಕಂಡ್ರ ಓಯ್ತದ, ತಿರ್ಗ ಬತ್ತದ.”

“ಬಾಯಿ?”

“ಅದೂ ಅಂಗೇಯ. ಕಾರ ತಿಂದ್ರ ಉರೀತದ. ಅನ್ನ ಮಜ್ಗ ಉಂಡ್ಕಂಡು ಅವ್ನಿ.”

“ಬಾಯಾರಿಕೆ ಜಾಸ್ತಿನಾ?”

“ನೀರ್ ಕುಡೀತಾನೇ ಇರ್ತೀನಿ. ಬಿಸ್ಲಲ್ವಾ ಅನ್ಕತಿದ್ದಿ.”

ಬೆರಳಿಗೆ ಸೂಜಿ ಚುಚ್ಚಿ ನೋಡಿದಾಗ ಸಕ್ಕರೆ ಮುನ್ನೂರು ದಾಟಿತ್ತು. ಡಾಕ್ಟರು ಅಷ್ಟಕ್ಕೇ ಬಿಡದೆ ಲ್ಯಾಬಿಗೂ ರಕ್ತ ಕಳಿಸಿದರು, ಫಿಸಿಶಿಯನ್ ಹತ್ತಿರ ಅಂದೇ ತೋರಿಸಲು ಬರೆದುಕೊಟ್ಟರು. ಸಮಾಧಾನವಾಗಿ ವಿವರಿಸಿದರು: ಬಾಯಿಯದೂ ಕೈಯದೂ ಎರಡು ಬೇರೆ ಕಾಯಿಲೆಯಲ್ಲ, ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಈ ಸೋಂಕು ಬಿಟ್ಟುಹೋಗುತ್ತಿಲ್ಲ, ಅದು ಹಿಡಿತಕ್ಕೆ ಬಂದರೆ ಇವೂ ಬಗ್ಗುತ್ತವೆ. ಪಾತ್ರೆ ತೊಳೆಯುವಾಗ ಒಳಗೆ ಬಟ್ಟೆಯ ಕೈಗವಸು, ಮೇಲೆ ರಬ್ಬರಿನದು ಹಾಕಿಕೊಳ್ಳಿ ಎಂದರು.

ಆಕೆ ಗಾಬರಿಯಾಗಲಿಲ್ಲ. ತಮ್ಮ ಕೈಗಳನ್ನೇ ನೋಡಿಕೊಂಡು, “ನೀರ್ ಮೇಲ್ ತಪ್ಪಾಕ್ತಿದ್ದಿ ಇಷ್ಟ್ ದಿನ,” ಅಂದರು. “ಆಗ್ಲಿ ಬುಡಿ. ಗೊತ್ತಾಯ್ತಲ್ಲ, ಮಾತ್ರ ನುಂಗನ.”

ಹೊರಗೆ ಬೆಂಚಿನ ಮೇಲೆ ಕಿರಿಯಾಕೆ ಕಾಯುತ್ತಿದ್ದರು. ಹಿರಿಯಾಕೆ ಲ್ಯಾಬಿಗೆ ಹೋದ ಮೇಲೆ ನನ್ನನ್ನು ಸನ್ನೆ ಮಾಡಿ ಕರೆದರು.

“ನಂದೂ ಅಕ್ಕಂದೂ ಒಂದೇ ಫೈಲ್ಗ ಆಕ್ಬುಟ್ಟಿದೀರಾ?”

“ಇಲ್ಲಮ್ಮ. ನಿಮ್ಮದು ಬೇರೇನೇ ಇದೆ.”

“ಫೋನಲ್ಲಿ ನಮ್ ಬಾವುಂಗ ಏನಾರ ಯೋಳುದ್ರಾ?”

“ಕಾರ್ಡು ಸರಿಮಾಡಬೇಕು ಅಂತ ಅಷ್ಟೇ ಹೇಳಿದ್ದು.”

ಅವರು ಉಸಿರು ಬಿಟ್ಟು ಸೆರಗು ಸರಿಮಾಡಿಕೊಂಡರು. “ಅದ್ರಲ್ಲಿ ನಂದು ಏನಂತ ಬರ್ದಿದೀರಾ?”

“ಒಂದು ನಂಬರು ಬರೆದಿರ್ತೀವಿ. ಡಾಕ್ಟರಿಗೆ, ನಮಗೆ ಬಿಟ್ಟರೆ ಬೇರೆಯವರಿಗೆ ತಿಳಿಯಲ್ಲ.”

ಡಾಕ್ಟರು ಅವರನ್ನೂ ಒಳಗೆ ಕರೆದು ಒಬ್ಬರನ್ನೇ ಮಾತಾಡಿಸಿದರು. ಅವರ ಸಕ್ಕರೆ ಸರಿಯಾಗಿತ್ತು. ಹಳೆಯ ತೊಂದರೆ ಒಂದೇ ಸಲದ ಔಷಧಿಗೆ ವಾಸಿಯಾಗಿ ಮರಳಿ ಬಂದಿರಲಿಲ್ಲ. ಅವರನ್ನು ಅಕ್ಕನ ಜೊತೆ ಸೇರಿಸಿ ನಾನು ಕಟ್ಟಿದ್ದ ಕತೆಯಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಮಧ್ಯಾಹ್ನ ದಾಖಲೆ ಕೋಣೆಯಲ್ಲಿ ಕೂತು ಎರಡು ಫೈಲುಗಳನ್ನು ಕ್ರಮಪ್ರಕಾರ ಒಂದು ಮಾಡಿದೆ. ಹಳೆಯ ನಂಬರು ಉಳಿಸಿ, ಹೊಸ ನಂಬರಿನ ಜಾಗದಲ್ಲಿ ‘ಇಂಥ ಫೈಲು ನೋಡಿ’ ಎಂಬ ಹಾಳೆ ಇಟ್ಟೆ. ಬಾಯಿಗೆ 37.0, ಉಗುರಿಗೆ 37.2, ಜೊತೆಗೆ ಈಗ ಡಾಕ್ಟರು ಬರೆದುಕೊಟ್ಟ ಸಕ್ಕರೆ ಕಾಯಿಲೆಯ ಸಂಖ್ಯೆ. ಮೂರನೆಯ ಫೈಲಿಗೆ 37.3. ಪುಸ್ತಕದ ಪ್ರಕಾರ ಅದಕ್ಕೆ ಒಂದು ಜೊತೆ ಸಂಖ್ಯೆಯೂ ಬೇಕು, ರೋಗದ್ದು ಒಂದು, ಅಂಗದ್ದು ಇನ್ನೊಂದು. ಎರಡನ್ನೂ ಹಾಕಿ ಅದನ್ನು ಅದರ ಕಪಾಟಿನಲ್ಲಿಟ್ಟೆ. ಪೆನ್ಸಿಲಿನ ಆವರಣವನ್ನು ರಬ್ಬರಿನಿಂದ ಉಜ್ಜಿದೆ.

ಅಟೆಂಡರಿಗೆ ನಡೆದದ್ದು ಹೇಳಿದೆ. ಯಾರಿಗೆ ಏನು ಎಂದಲ್ಲ, ಮೂರು ಫೈಲು ಇಬ್ಬರದೆಂದು ಮಾತ್ರ. ಅವರು ತಲೆ ಕೆರೆದುಕೊಂಡರು. “ನಾ ಯೋಳ್ದಂಗ ಕಟ್ಬುಟ್ಟಿದ್ರ ಎಡ್ವಟ್ಟಾಗದು. ಇನ್ಮೇಲ ಎಸ್ರ್ ಕೇಳುದ್ರ ನಾ ಬಾಯ್ ಬುಡಕಿಲ್ಲ ಬುಡಿ.” ಆಮೇಲೂ ಅವರು ಬಾಯಿ ಬಿಡುತ್ತಲೇ ಇದ್ದರು. ಕೊನೆಗೆ ಮಾತ್ರ, “ಚೀಟಿ ನೋಡಿ ಆಮೇಲ ಕಟ್ಟಿ,” ಎಂದು ಸೇರಿಸುತ್ತಿದ್ದರು.

ಮೂರು ವಾರ ಮುಗಿದ ಸೋಮವಾರ ಚಾಮರಾಜನಗರದಲ್ಲಿ ಪಟ್ಟಿಯನ್ನು ಮುಖ್ಯಸ್ಥರ ಮುಂದಿಟ್ಟೆ. ಜೊತೆಗೆ ಒಂದು ಪುಟದ ಟಿಪ್ಪಣಿ: ಎಷ್ಟು ಯೀಸ್ಟು, ಎಷ್ಟು ಹುಳುಕಡ್ಡಿ, ಹಸುಗೂಸುಗಳು ಎಲ್ಲಿ ಹೋದವು, ಲ್ಯಾಬಿನ ಚೀಟಿ ನೋಡಿ ಹಿಂದೆ ನಾನು ತಪ್ಪು ಮಾಡಿದ್ದು ಯಾವುವು. ಅವರು ನಿಧಾನವಾಗಿ ಓದಿದರು. ಕೊನೆಯ ಹಾಳೆಗೆ ಬಂದು ನಿಂತರು.

“ಇಲ್ಲಿನ್ನೂ ಒಂದಷ್ಟು ಒಂಬತ್ತು ಉಳಿದಾವಲ್ಲ?”

“ಆ ಡಾಕ್ಟರು ಈಗ ಇಲ್ಲ ಸರ್. ಫೈಲಿನಲ್ಲಿ ಎಲ್ಲೂ ಜಾಗ ಬರೆದಿಲ್ಲ. ಊಹಿಸಿ ಹಾಕೋದು ಬೇಡ ಅಂತ ಬಿಟ್ಟೆ.”

ಪರಿಶೀಲನೆಯವರು ಮತ್ತೆ ಕೇಳುತ್ತಾರೆ ಎನ್ನಬಹುದು ಎಂದುಕೊಂಡೆ. ಮುಖ್ಯಸ್ಥರು ಪೆನ್ನು ತೆಗೆದು ಪ್ರತಿ ಹಾಳೆಗೂ ಸಹಿ ಮಾಡಿದರು. “ಕೇಳಿದ್ರೆ ನಾನು ಹೇಳ್ತೀನಿ,” ಅಂದರು. ನಂತರ ಹೊರರೋಗಿ ಹಾಳೆಯಲ್ಲಿ ರೋಗದ ಹೆಸರಿನ ಪಕ್ಕ ‘ಭಾಗ’ ಎಂದು ಒಂದು ಖಾಲಿ ಗೆರೆ ಮುದ್ರಿಸಲು ಪ್ರಿಂಟಿಂಗಿಗೆ ಹೇಳಿದರು. ಡಾಕ್ಟರುಗಳು ಅದನ್ನು ಎಲ್ಲ ಸಲವೂ ತುಂಬುವುದಿಲ್ಲ. ತುಂಬದಿದ್ದರೆ ನಾನು ಚೀಟಿ ಬರೆಯುತ್ತೇನೆ.

ಹಿರಿಯಾಕೆ ತಿಂಗಳಿಗೊಮ್ಮೆ ಬರುತ್ತಾರೆಂದು ಫೈಲು ನೋಡಿದರೆ ತಿಳಿಯುತ್ತದೆ. ಸಕ್ಕರೆ ಇಳಿಯುತ್ತ ಬಂದಿದೆ. ಬಾಯಿ ವಾಸಿಯಾಗಿದೆ, ಉಗುರಿಗೆ ಇನ್ನೂ ಕಾಲ ಬೇಕೆಂದು ಡಾಕ್ಟರು ಬರೆದಿದ್ದಾರೆ. ಬಲಗೈಯ ಯಾವ ಯಾವ ಬೆರಳು ಎಂದು ಸಹ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ದಾಖಲೆ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಕಿರಿಯಾಕೆ ಒಬ್ಬರೇ ಬಂದಿದ್ದರು. ಕೈಯಲ್ಲಿ ಒಂದು ಸಣ್ಣ ಫೋನು, ಅದರ ಪರದೆಯ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ.

“ಕಾಯ್ಲ ಏನಿಲ್ಲ ಕಣವ್ವ,” ಅಂದರು. “ನನ್ ಚೀಟೀಲಿ ಬಾವುನ್ ನಂಬರ್ ಅದಲ್ಲ, ಅದ ವಡ್ದಾಕಿ. ಇದು ನಂದು. ಇದ್ನ ಬರ್ಕಳಿ.”

ಫೈಲು ತಂದು ಅವರೆದುರೇ ಹಳೆಯ ನಂಬರಿನ ಮೇಲೆ ಗೆರೆ ಎಳೆದೆ. ಅವರು ಒಂದೊಂದೇ ಅಂಕಿ ಹೇಳಿದರು, ನಾನು ಬರೆದುಕೊಂಡೆ. ಬರೆದಾದ ಮೇಲೆ ಪೆನ್ನು ಮುಚ್ಚಲು ಹೋದೆ.

“ಒಂದ್ಸಲ ಓದಿ,” ಅಂದರು.

ಹತ್ತು ಅಂಕಿಯನ್ನೂ ಬಿಡಿಬಿಡಿಯಾಗಿ ಓದಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಪ್ರತಿ ಅಂಕಿಗೂ ತಲೆಯಾಡಿಸುತ್ತ ಕೊನೆಯವರೆಗೂ ಕೇಳಿದರು.